ತಲೆದೂಗುವ ನಾಯಿ

ನಾನು ಒಂದು ನಾಯಿ. ಕಾಕರ್ ಸ್ಪೇನಿಯಲ್ ಜಾತಿಯವನು. ಹುಟ್ಟಿದ್ದು ತುಮಕೂರಿನ ಹೊರಗೆ, ಮಾರಾಟದ ಮರಿಗಳನ್ನು ಸಾಕುವ ಒಂದು ತಗಡಿನ ಶೆಡ್ಡಿನಲ್ಲಿ. ಹಾಲು ಕುಡಿಯಲು ಬಗ್ಗಿದರೆ ನನ್ನ ಕಿವಿಗಳೇ ಮೊದಲು ತಟ್ಟೆಗೆ ಬೀಳುತ್ತಿದ್ದವು. ಉದ್ದ ಕಿವಿಯೇ ಚೆಂದವೆಂದು ಮನುಷ್ಯರು ತಲೆಮಾರುಗಳಿಂದ ಆರಿಸಿ ಆರಿಸಿ ನಮ್ಮನ್ನು ಹೀಗೆ ಮಾಡಿದ್ದಾರೆ. ಅದರೊಳಗೆ ಗಾಳಿಯಾಡುವುದಿಲ್ಲ ಎಂಬುದು ಅವರಿಗೆ ಬೇಕಿಲ್ಲ.

ನನ್ನನ್ನು ಮೊದಲು ಕೊಂಡವನು ಗ್ರಾನೈಟ್ ಅಂಗಡಿಯ ಪ್ರಭುಸ್ವಾಮಿ. ಮಗಳ ಹುಟ್ಟುಹಬ್ಬಕ್ಕೆ ನನ್ನ ಕತ್ತಿಗೆ ರಿಬ್ಬನ್ ಕಟ್ಟಿ ಕೊಟ್ಟ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಹುಡುಗಿಗೆ ನಾನು ಬೇಸರವಾದೆ. ಸೋಫಾ ಹರಿಯುತ್ತದೆ, ಕೂದಲು ಉದುರಿಸುತ್ತದೆ ಎಂದು ದೂರಿ, ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದ ಕನಕವಲ್ಲಿ ಟೀಚರ್ ಮನೆಗೆ ನನ್ನನ್ನು ಸಾಗಹಾಕಿದ.

ಟೀಚರ್ ನನಗೆ ಮೋಹನ ಎಂದು ರಾಗದ ಹೆಸರಿಟ್ಟರು. ಅವರ ದನಿ ನನಗೆ ನಿಜವಾಗಿ ಇಷ್ಟವಾಗಿತ್ತು. ಇಷ್ಟವಾದಾಗ ನಾನು ಅಲ್ಲಾಡದೆ ಮಲಗಿ ಕೇಳುತ್ತಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ.

ಪ್ರತಿ ಶನಿವಾರ ನನಗೆ ಎಣ್ಣೆಸ್ನಾನ. ಮಗುವಿಗೆ ಎರೆದಂತೆ ತಲೆಯ ಮೇಲೆ ಬಿಸಿನೀರು ಹೊಯ್ಯುತ್ತಿದ್ದರು. ಮೈಯೆಲ್ಲ ಒರೆಸುತ್ತಿದ್ದರು, ಕಿವಿಯ ಒಳಭಾಗವನ್ನು ಬಿಟ್ಟು. ಅಲ್ಲಿ ಮೊದಲು ತುರಿಕೆ ಶುರುವಾಯಿತು, ಆಮೇಲೆ ಉರಿ.

ಉರಿ ತಡೆಯಲಾರದೆ ತಲೆ ಕೊಡವಿದೆ. ಪಾಠದ ಮಕ್ಕಳು ಚಪ್ಪಾಳೆ ತಟ್ಟಿದರು. ಮೋಹನ ಸಂಗೀತಕ್ಕೆ ತಲೆದೂಗುತ್ತಾನಂತೆ! ಹಿಂಗಾಲಲ್ಲಿ ಕಿವಿ ಕೆರೆಯುವಾಗ ನೆಲಕ್ಕೆ ಬಡಿದ ಕಾಲಿನ ಸದ್ದು ಅವರಿಗೆ ಆದಿತಾಳವಾಯಿತು. ಕಿವಿಯನ್ನು ಚಾಪೆಗೆ ಉಜ್ಜಿದರೆ ತಂಬೂರಿಗೆ ನಮಸ್ಕಾರ. ಮೊಬೈಲಿನಲ್ಲಿ ನನ್ನನ್ನು ಹಿಡಿದು ಊರಿಗೆಲ್ಲ ಕಳಿಸಿದರು. ನೋಡಲು ಬಂದವರೆಲ್ಲ ನಕ್ಕರು. ಅವರಲ್ಲಿ ಒಬ್ಬರಾದರೂ ಆ ಕಿವಿಯನ್ನೊಮ್ಮೆ ಎತ್ತಿ ನೋಡಬಾರದಿತ್ತೇ? ಮೂಗೆಂಬುದು ಅವರಿಗೂ ಇತ್ತಲ್ಲ! ವಾಸನೆ ಬಂದಾಗ ಟೀಚರ್ ಊದುಬತ್ತಿ ಹಚ್ಚಿದರು. ನಾನು ಗೊಣಗಿದರೆ ಆಲಾಪನೆ ಎಂದರು. ದಿನದಿನಕ್ಕೆ ಅವರ ದನಿ ನನಗೆ ದೂರವಾಗುತ್ತಿತ್ತು. ನಾನು ಹೆದರಿದೆ. ಹೆಚ್ಚೆಚ್ಚು ತಲೆ ಕೊಡವಿದೆ. ಅವರು ಹೆಚ್ಚೆಚ್ಚು ಹಾಡಿದರು.

ರಾಮನವಮಿಗೆ ಮೃದಂಗದ ಸೇತುರಾಮ್ ಮನೆಗೆ ಬಂದರು. ಇದಕ್ಕಿರುವ ಕೇಳ್ಮೆ ನಮ್ಮ ಸಭಿಕರಿಗಿಲ್ಲ ಎಂದು ಮೆಚ್ಚಿ, ಪ್ರೀತಿಯಿಂದ ನನ್ನ ಕಿವಿಯನ್ನು ಹಿಂಡಿದರು. ಕಣ್ಣು ಕತ್ತಲೆಗಟ್ಟಿತು. ಕಚ್ಚಿದೆ. ಆ ಮನೆಯಲ್ಲಿ ನನ್ನ ಮಾತು ಅರ್ಥವಾದದ್ದು ಅದೊಂದೇ ಸಲ.

ಹುಚ್ಚು ಹಿಡಿದಿದೆಯೋ ಏನೋ ಎಂದು ಮರುದಿನ ಪಶುವೈದ್ಯೆ ರೆಹಾನಾ ಹತ್ತಿರ ಎಳೆದೊಯ್ದರು. ಹಾಡು ಹೇಳಿದರೆ ತಲೆದೂಗುತ್ತಿದ್ದ ಸಾಧು ಪ್ರಾಣಿ ಎಂದು ಟೀಚರ್ ಅಲ್ಲೂ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರ್ ನನ್ನ ಕಿವಿ ಎತ್ತಿದರು. ಕೋಣೆಯೆಲ್ಲ ನಾತ ತುಂಬಿತು.

"ಮೇಡಂ, ಇದು ತಲೆದೂಗಿದ್ದಲ್ಲ. ಎರಡೂ ಕಿವಿ ಒಳಗೆ ಕೊಳೆತುಹೋಗಿವೆ. ನೋವಿಗೆ ಕೊಡವ್ತಿತ್ತು."

ಟೀಚರ್ ಬಗ್ಗಿ ನನ್ನ ಕಿವಿಯೊಳಗೆ ಇಣುಕಿದರು. "ನಾನು ದಿನಾ ಪಕ್ಕದಲ್ಲೇ ಕೂತು ಹಾಡ್ತಿದ್ನಲ್ಲ ಡಾಕ್ಟ್ರೇ..."

"ಪಕ್ಕದಲ್ಲಿದ್ರಿ. ನೋಡಲಿಲ್ಲ," ಎಂದರು ಡಾಕ್ಟರ್.

ಕೊಳೆತದ್ದನ್ನು ಕತ್ತರಿಸಿ ತೆಗೆದು, ಕಿವಿಯ ದಾರಿಯನ್ನೇ ಹೊಲಿದು ಮುಚ್ಚಿದರು. ನೋವು ಹೋಯಿತು. ಜೊತೆಗೆ ಸದ್ದೂ ಹೋಯಿತು.

ಈಗ ನಾನು ಮುದುಕ. ಜಗಲಿಯ ಮೂಲೆಯ ಗೋಣಿಚೀಲ ನನ್ನ ಜಾಗ. ಟೀಚರ್ ದಿನಾ ಬಂದು, ಇನ್ನು ಯಾವ ಉಪಯೋಗಕ್ಕೂ ಬಾರದ ನನ್ನ ಕಿವಿಗಳನ್ನು ಹತ್ತಿಯಿಂದ ಒರೆಸುತ್ತಾರೆ. ಅವರು ಕೆಟ್ಟವರಲ್ಲ. ಅದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಎಂದೋ ಓಡಿಹೋಗಿರುತ್ತಿದ್ದೆ.

ಸಂಜೆ ನನ್ನ ಬೆನ್ನಿಗೆ ಒರಗಿ ಕೂರುತ್ತಾರೆ. ಅವರ ಎದೆ ನಡುಗುವುದು ನನ್ನ ಬೆನ್ನಿಗೆ ತಿಳಿಯುತ್ತದೆ. ಹಾಡುತ್ತಿದ್ದಾರೋ, ಅಳುತ್ತಿದ್ದಾರೋ ತಿಳಿಯುವುದಿಲ್ಲ. ತಿಳಿಯುವಂತೆ ಅವರೇ ನನ್ನನ್ನು ಉಳಿಸಿಲ್ಲ.