ಟ್ರೇಯಲ್ಲಿ ಉಳಿದ ಎಲೆಗಳು

ಗಾಜಿನ ಜಾಡಿಯೊಳಗೆ ಅಯೋಡಿನ್ ಹಬೆ ಏರುತ್ತಿತ್ತು. ಬಿಳಿ ಫಲಕದ ಮೇಲೆ ಎಲೆಯ ಕೊಬ್ಬುಗಳು ಒಂದೊಂದಾಗಿ ಕಂದು ಮಚ್ಚೆಗಳಾಗಿ ಮೂಡುತ್ತಿದ್ದವು. ಸಂಶೋಧನಾ ವಿದ್ಯಾರ್ಥಿನಿ ಬೊರಾಮ್ ಜಾಡಿಯ ಮೇಲೇ ಬಗ್ಗಿ ಕೂತಿದ್ದಳು. ಆ ಒಂದು ಮಚ್ಚೆ ಇವತ್ತೂ ಬರಲಪ್ಪಾ!

ಆ ಮಚ್ಚೆಯನ್ನು ನಂಬಿಕೊಂಡೇ ಪ್ರೊಫೆಸರ್ ಪ್ಯೊ ನಾಳೆ ಜೇಜು ದ್ವೀಪದ ಸಮ್ಮೇಳನಕ್ಕೆ ಹೊರಡುವವರಿದ್ದರು. ಎಲೆಯ ಪೊರೆಗೆ ಕೊಬ್ಬು ತಯಾರಿಸುವ ಕಿಣ್ವವೊಂದು ಇಲ್ಲದ ಗಿಡದಲ್ಲಿ ಯಾರೂ ನಿರೀಕ್ಷಿಸಿರದ ಕೊಬ್ಬು ಸಿಕ್ಕಿದೆ, ಕಂಡುಹಿಡಿದವಳು ನಮ್ಮ ಬೊರಾಮ್ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವಳ ಡಾಕ್ಟರೇಟೂ ಅದರ ಮೇಲೇ ನಿಂತಿತ್ತು.

ಅವಳ ಚಿಂತೆಯೇ ಬೇರೆ. ಆ ಮಚ್ಚೆ ಮೊದಲ ಸಲ ಕಂಡ ಪ್ರಯೋಗದ ದಿನ ಆ ಗಿಡದ ಎಲೆ ಕುಯ್ದು ಟ್ರೇಯಲ್ಲಿಟ್ಟಿದ್ದಳಷ್ಟೇ, ಪ್ರೊಫೆಸರ್ ಬಾಗಿಲಲ್ಲಿ ನಿಂತು "ಏಳ್ರಪ್ಪಾ, ಊಟಕ್ಕೆ!" ಎಂದರು. ಅವರು ಹೊರಟರೆ ಲ್ಯಾಬಿಗೆ ಲ್ಯಾಬೇ ಏಳಬೇಕು. ಎಲ್ಲರಿಗಿಂತ ಕಿರಿಯಳು ಕೂತಿರುವುದುಂಟೆ? ಕುಯ್ದ ಎಲೆಯನ್ನು ತಕ್ಷಣ ಕುದಿಯುವ ಆಲ್ಕೋಹಾಲಿಗೆ ಹಾಕಬೇಕು. ಇಲ್ಲದಿದ್ದರೆ ಅದರೊಳಗಿನ ಬೇರೆ ಕಿಣ್ವಗಳು ಪೊರೆಯನ್ನೇ ಕಡಿದು, ಇಲ್ಲದ ಕೊಬ್ಬನ್ನು ಹುಟ್ಟಿಸಿಬಿಡುತ್ತವೆ. ಗೊತ್ತಿದ್ದೂ ಹೋದಳು, ಸೂಪು ಕುಡಿದು ಬಂದಳು. ಹೋಲಿಸಿ ನೋಡಲು ಬೇಕಾದ ಮಾಮೂಲಿ ಗಿಡದ ಎಲೆಗಳನ್ನು ಮಾತ್ರ ಊಟವಾದ ಮೇಲೆ ಕುಯ್ದು ಕೂಡಲೇ ಕುದಿಗೆ ಹಾಕಿದ್ದಳು. ಮಚ್ಚೆ ಮೂಡಿದ್ದು ಟ್ರೇಯಲ್ಲಿ ಬಿದ್ದಿದ್ದ ಎಲೆಗಳಿಗಷ್ಟೇ. ಹಾಳು ಊಟ!

ಖಚಿತಪಡಿಸಿಕೊಳ್ಳಲೆಂದು ಇವತ್ತು ಎರಡು ಗಿಡದ ಎಲೆಗಳನ್ನೂ ಕುಯ್ದ ಕೈಯಲ್ಲೇ ಕುದಿಗೆ ಹಾಕಿದ್ದಳು.

"ಎಷ್ಟೊತ್ತೇ ಆ ಜಾಡೀನೇ ನೋಡ್ತೀಯ? ದೃಷ್ಟಿ ಆದೀತು!" ಲ್ಯಾಬಿನ ಹಿರಿಯಳಾದ ಮಿಗ್ಯೊಂಗ್ ರೇಗಿಸಿದಳು.

"ಅಕ್ಕಾ, ಆ ಮಚ್ಚೆ ಬರ್ತಾನೇ ಇಲ್ಲ."

ಮಿಗ್ಯೊಂಗ್ ಬಗ್ಗಿ ನೋಡಿದಳು. ಎರಡೂ ಗಿಡದ ಸಾಲಿನಲ್ಲಿ ಆ ಜಾಗ ಬೆಳ್ಳಗಿತ್ತು. "ಅಯ್ಯೋ ದೇವರೇ! ಈಗ ಸುಮ್ನಿರು. ಮೊದ್ಲು ಸಾರ್ ಊಟ ಆಗ್ಲಿ, ಆಮೇಲೆ ಹೇಳಿದ್ರಾಯ್ತು ಕಣೇ."

ಅಷ್ಟರಲ್ಲಿ ಬಾಗಿಲು ತೆರೆಯಿತು. "ಏಳ್ರಪ್ಪಾ! ಇವತ್ತು ಬೊರಾಮ್ ಹೆಸರಲ್ಲಿ ಎಲ್ರಿಗೂ ನಂದೇ ಊಟ!"

ಕುರ್ಚಿಗಳೆಲ್ಲ ಸರಿದವು. ಬೊರಾಮ್ ಏಳಲಿಲ್ಲ.

"ಏನಮ್ಮಾ, ಹಸಿವಿಲ್ವಾ?"

ಹೇಳಿಬಿಟ್ಟಳು. ಟ್ರೇಯಲ್ಲಿಟ್ಟ ಎಲೆ, ಅದು ಬಿದ್ದುಕೊಂಡಿದ್ದ ಹೊತ್ತು, ಎಲ್ಲವನ್ನೂ ತೊದಲುತ್ತಲೇ ಹೇಳಿ, ಫಲಕವನ್ನು ಅವರ ಮುಂದೆ ಹಿಡಿದಳು. ಪ್ರೊಫೆಸರರ ಮುಖ ಇಳಿದುಹೋಯಿತು.

"ಎಲೆ ಕುಯ್ದಿಟ್ಟಿದ್ದೀನಿ ಅಂತ ಆವತ್ತೇ ಯಾಕಮ್ಮಾ ಬಾಯಿಬಿಡ್ಲಿಲ್ಲ?"

"ನೀವು ಊಟಕ್ಕೆ ಕರೆದಿದ್ರಿ, ಸಾರ್."

ಪ್ಯೊ ಫಲಕವನ್ನು ಅವಳ ಕೈಯಿಂದ ತೆಗೆದುಕೊಂಡರು. ಕೋಟು ಬಿಚ್ಚಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಆ ಮಧ್ಯಾಹ್ನ ಯಾರೂ ಊಟಕ್ಕೆ ಹೋಗಲಿಲ್ಲ.