ಅಡ್ಡ ಇದ್ದರೆ ತೆರೆದಿದೆ

"ಮುಟ್ಬೇಡ, ಅದನ್ನ ಮುಟ್ಬೇಡ!" ಎಂದು ಅತ್ತಿಗೆ ಅಡುಗೆಮನೆಯಿಂದ ಕೂಗುವುದಕ್ಕೂ ಮೈದುನ ಕೊಳವೆಯ ಜೋಡಣೆ ಬಳೆಯನ್ನು ಪೂರ್ತಿ ಬಿಚ್ಚುವುದಕ್ಕೂ ಸರಿಹೋಯಿತು. ಕೊಳವೆ ಅವನ ಕೈಯಿಂದ ಜಾರಿತು. ಮೀನಿನ ಟ್ಯಾಂಕಿನ ನೀರು ಬುಳುಬುಳು ಎಂದು ನಡುಮನೆಯ ನೆಲಕ್ಕೆ ಸುರಿಯತೊಡಗಿತು.

"ಮುಚ್ಚೇ ಇತ್ತಲ್ಲ ಅತ್ತಿಗೆ! ವಾಲ್ವಿನ ಹಿಡಿ ಅಡ್ಡ ಇತ್ತು, ನೋಡ್ಕೊಂಡೇ ಬಿಚ್ಚಿದ್ದು!"

"ನಮ್ಮನೇಲಿ ಅಡ್ಡ ಇದ್ರೆ ತೆರೆದಿದೆ ಅಂತ ಕಣೋ!"

ಅವನು ಗಾಬರಿಯಲ್ಲಿ ಹಿಡಿಯನ್ನು ಬಲವಾಗಿ ತಿರುಚಿದ. ಟಕ್ಕೆಂದು ಅದು ಬುಡಸಮೇತ ಮುರಿದು ಅಂಗೈಗೆ ಬಂತು. ನೀರು ಮಾತ್ರ ನಿಲ್ಲಲಿಲ್ಲ. ಅತ್ತಿಗೆ ಸೀರೆ ಎತ್ತಿ ಕಟ್ಟಿ, ಕೊಳವೆಯ ತುದಿಯನ್ನು ಕಸಿದುಕೊಂಡು, ಟ್ಯಾಂಕಿನ ನೀರಿಗಿಂತ ಮೇಲಕ್ಕೆ, ತನ್ನ ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು. ನೀರು ಹಿಂದಕ್ಕೆ ಸರಿದು ಸುಮ್ಮನಾಯಿತು.

ಅವಳ ಗಂಡ, ಶಾಲಾ ಬಸ್ಸಿನ ಡ್ರೈವರ್, ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮಗಳು ಅವನನ್ನು ವ್ಯಾನಿನಲ್ಲಿ ಮನೆಗೆ ಕರೆತರಲಿದ್ದಳು. ಮಲಗಿಸಲು ಜಾಗ ಬೇಕು, ಟ್ಯಾಂಕನ್ನು ಗೋಡೆಗೆ ಸರಿಸಬೇಕು ಎಂದು ಮೈದುನ ಮುಂದಾಗಿದ್ದೇ ಈ ಫಜೀತಿಗೆ ಕಾರಣ. ಟ್ಯಾಂಕಿನ ಮೇಜಿಗೇನೋ ಚಕ್ರಗಳಿದ್ದವು. ಆದರೆ ನೀರು ಸೋಸುವ ಫಿಲ್ಟರ್ ಡಬ್ಬಿ ಕೆಳಗೆ ನೆಲದ ಮೇಲೆ, ಎರಡು ಕೊಳವೆಗಳಿಂದ ಟ್ಯಾಂಕಿಗೆ ಅಂಟಿಕೊಂಡು ಕೂತಿತ್ತು.

"ಇನ್ನೊಂದು ಕೊಳವೇಲಿ ಎರಡೂ ಹಿಡಿ ಉದ್ದಕ್ಕೆ ತಿರುಗಿಸು. ಅಡ್ಡಕ್ಕಲ್ಲ, ಉದ್ದಕ್ಕೆ! ಹಾಂ, ಈಗ ಬಿಚ್ಚು."

ಮೈದುನ ಕಣ್ಣು ಮುಚ್ಚಿಕೊಂಡು ಬಿಚ್ಚಿದ. ಒಂದು ಹನಿ ಬೀಳಲಿಲ್ಲ. ಪಕ್ಕದ ಮನೆಯವರು ಮೇಜನ್ನು ತಳ್ಳಿದರು, ಅತ್ತಿಗೆ ಕೈ ಎತ್ತಿಕೊಂಡೇ ಜೊತೆಗೆ ನಡೆದಳು. ಸಾಂತ್ವನ ಹೇಳಲು ಬಂದವರು ಈ ಅವತಾರ ಕಂಡು ಬಾಗಿಲಲ್ಲೇ ನಿಂತರು.

"ಒಳಗ್ ಬನ್ನಿ, ಜಾರುತ್ತೆ, ನೋಡ್ಕೊಂಡು ಬನ್ನಿ," ಎಂದಳು ಅವಳು. ಫೋನು ಬಡಿದುಕೊಂಡಿತು. ಯಾರೋ ಅದನ್ನು ಅವಳ ಕಿವಿಗೆ ಹಿಡಿದರು.

"ಅಮ್ಮಾ, ಹೊರಟ್ವಿ," ಎಂದಳು ಮಗಳು.

"ನಿಧಾನವಾಗಿ ಬನ್ನಿ," ಎಂದ ಅವಳು ಮೈದುನನ ಕಡೆ ತಿರುಗಿದಳು. "ನಿಮ್ಮಣ್ಣ ಈ ಫಿಲ್ಟರನ್ನ ಒಂದು ರಾತ್ರೀನೂ ನಿಲ್ಲಿಸಿದವರಲ್ಲ. ಅವರು ಬರೋ ಹೊತ್ತಿಗೆ ನೀರು ಓಡ್ತಿರಬೇಕು. ಹಾರ್ಡ್‌ವೇರ್ ಅಂಗಡಿಯವರಿಗೆ ಫೋನ್ ಮಾಡು. ಓಡಿ ಬರ್ಲಿ."

*

ಆ ಫಿಲ್ಟರ್ ಮನೆಗೆ ಬಂದ ಹೊಸತರಲ್ಲಿ ಗಂಡ ಹೆಂಡತಿಗೆ ಮಾತಿದ್ದದ್ದು ಒರೆಸುವ ಬಟ್ಟೆಯ ಬಗ್ಗೆ ಮಾತ್ರ. ಡಬ್ಬಿ ತೊಳೆಯಲು ಬಿಚ್ಚಿದಾಗಲೆಲ್ಲ ಕೊಳವೆಗಳು ಕಕ್ಕಿ ನೆಲ ಕೆರೆಯಾಗುತ್ತಿತ್ತು. ಅವಳು ಬಟ್ಟೆ ಎಸೆಯುವಳು, ಅವನು ಒರೆಸುವನು, ಮತ್ತೆ ಅವಳೇ ಒರೆಸುವಳು. ಕೊನೆಗೊಂದು ದಿನ, "ಮೀನಿರ್ಬೇಕು, ಇಲ್ಲಾ ನಾನಿರ್ಬೇಕು," ಎಂದುಬಿಟ್ಟಳು.

ಅವನು ಮರುದಿನವೇ ತೋಟಕ್ಕೆ ನೀರು ಬಿಡುವ ಚಿಕ್ಕ ಪ್ಲಾಸ್ಟಿಕ್ ವಾಲ್ವುಗಳನ್ನು ತಂದ. ಪ್ರತಿ ಕೊಳವೆಯನ್ನೂ ನಡುವೆ ಕೊಯ್ದು, ಟ್ಯಾಂಕಿನ ಕಡೆಗೊಂದು, ಡಬ್ಬಿಯ ಕಡೆಗೊಂದು ವಾಲ್ವು, ಮಧ್ಯೆ ತಿರುಗಿಸಿ ಬಿಚ್ಚುವ ಬಳೆ ಹಾಕುವುದು ಅವನ ಯೋಜನೆ. ಕೊಳವೆ ಮೆತ್ತಗಾಗಲೆಂದು ಅದರ ತುದಿಯನ್ನು ಅವಳ ಚಹಾ ಪಾತ್ರೆಯ ಬಿಸಿನೀರಿನಲ್ಲೇ ಅದ್ದಿದ. ವಾಲ್ವು ಮುಚ್ಚಿ, ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಕೆನ್ನೆ ಬೂರಿಸಿ ಊದಿದ. ಗುಳ್ಳೆ ಬಂತು. ಬಿಚ್ಚಿ, ತಿರುಪಿನ ಗೆರೆಗಳಿಗೆ ಬಿಳಿ ಟೇಪು ಸುತ್ತಿ ಮತ್ತೆ ಊದಿದ. ಈ ಸಲ ಗುಳ್ಳೆ ಇಲ್ಲ.

"ನೋಡೇ, ನೋಡೇ! ಒಂದೂ ಇಲ್ಲ!" ಎಂದು ಮನೆಯೆಲ್ಲ ಕುಣಿದಾಡಿದ. ಅವಳಿಗೂ ನಗು ತಡೆಯಲಾಗಲಿಲ್ಲ.

ಮುಂದೆ ಹಿಡಿಗಳ ಸಂದಿಯಲ್ಲಿ ಪಾಚಿ ಕಟ್ಟಿತೆಂದು ಅವಳೇ ಹಳೆಯ ಟೂತ್‌ಬ್ರಷ್ ಹಿಡಿದು ಎಲ್ಲವನ್ನೂ ಕಳಚಿ ತೊಳೆದು ಜೋಡಿಸಿದ್ದೂ ಉಂಟು. ಹಿಡಿ ಅಡ್ಡವಿದ್ದರೆ ನೀರು ಓಡುತ್ತದೆ, ಉದ್ದವಿದ್ದರೆ ನಿಲ್ಲುತ್ತದೆ ಎಂಬುದು ಅವಳ ಕೈಗೆ ಕೂತುಹೋಗಿತ್ತು. ಲೋಕದ ವಾಲ್ವುಗಳೆಲ್ಲ ಇದಕ್ಕೆ ತದ್ವಿರುದ್ಧ ಎಂದು ಗೊತ್ತಾದದ್ದು ಬಹಳ ತಡವಾಗಿ. ಗೊತ್ತಾದ ಮೇಲೆ ಕೇಳಬೇಕೆ! ಬೀಗರ ಮುಂದೆಯೂ ಗಂಡನನ್ನು ಆಡಿಕೊಳ್ಳುವುದು ಬಿಡಲಿಲ್ಲ.

"ಇವರ ಕೈಗೆ ಅಷ್ಟು ಮಕ್ಕಳ ಬಸ್ ಹೇಗೆ ಕೊಟ್ರೋ! ಒಂದು ನಲ್ಲೀನೂ ನೆಟ್ಟಗೆ ಜೋಡ್ಸೋಕೆ ಬರಲ್ಲ."

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಡ್ರೈವರೇ.

*

ಹಾರ್ಡ್‌ವೇರ್ ಅಂಗಡಿಯವನು ಏದುಸಿರು ಬಿಡುತ್ತಾ ಬಂದ. ಅವನು ಡ್ರೈವರನ ಹಳೆಯ ಗೆಳೆಯ, ಅವನಷ್ಟೇ ಮೀನಿನ ಹುಚ್ಚಿನವ. ಜೇಬಿನಿಂದ ಒಂದು ಸಿದ್ಧ ವಾಲ್ವು ತೆಗೆದ.

"ತಗೊಳಿ ಅತ್ತಿಗೆ, ಇದೂ ಅವನೇ ನನಗೆ ಅಂತ ಮಾಡಿಕೊಟ್ಟಿದ್ದು. ಆದ್ರೆ ಹುಷಾರು, ಇದು ಅಂಗಡಿ ಲೆಕ್ಕದ್ದು. ಉದ್ದ ಇದ್ರೆ ತೆರೆದಿರುತ್ತೆ."

"ಅಂದ್ರೆ ಅವರಿಗೆ ಸರಿಯಾಗಿ ಜೋಡ್ಸೋಕೆ ಬರ್ತಿತ್ತಾ?"

ಅವನು ಬಾಗಿಲ ಕಡೆ ನೋಡಿದ, ಒದ್ದೆ ನೆಲ ನೋಡಿದ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಬರ್ದೇ ಏನು! ನಿಮ್ಮನೇದೂ ಮೊದಲು ಸರಿಯಾಗೇ ಇತ್ತು. ನೀವು ಯಾವಾಗ್ಲೋ ಪಾಚಿ ತೊಳೆಯೋಕೆ ಹಿಡಿಗಳನ್ನ ಕಿತ್ರಂತಲ್ಲ? ಒಳಗಡೆ ಚೌಕದ ಕಡ್ಡಿ ನೋಡಿ, ಹೇಗೆ ಕೂರಿಸಿದ್ರೂ ಕೂರುತ್ತೆ. ನೀವು ಅಡ್ಡ ಕೂರಿಸಿದ್ರಿ. ತಿರುಗಿಸಿ ಹಾಕೋ ಅಂತ ನಾನೇ ಹೇಳ್ದೆ. 'ಬೇಡ ಕಣೋ, ಅವಳ ಕೈಗೆ ಅದೇ ಅಭ್ಯಾಸ ಆಗಿದೆ, ನಾನಿಲ್ಲದಾಗ ತೊಳೆಯೋಳು ಅವಳೇ ಅಲ್ವಾ' ಅಂದ. ಆಮೇಲೆ ಈ ಮನೆಗೆ ಮಾಡಿದ್ದೆಲ್ಲ ಬೇಕಂತಲೇ ಅಡ್ಡ."

"ಊರೋರ ಮುಂದೆ ಅಷ್ಟು ಆಡ್ಕೊಂಡೆನಲ್ಲ! ಒಂದ್ ಮಾತು ಹೇಳೋಕೆ ಏನಾಗಿತ್ತು?"

"ಕೇಳ್ದೆ. 'ಎಷ್ಟು ಚೆನ್ನಾಗಿ ನಗ್ತಾಳೆ, ನಗ್ಲಿ ಬಿಡು' ಅಂದ."

ಎತ್ತಿದ್ದ ಕೈ ಅರಿವಿಲ್ಲದೆ ಇಳಿಯಿತು. ನೀರು ಮತ್ತೆ ಚಿಮ್ಮಿ ಅಂಗಡಿಯವನ ಶರಟು ತೋಯಿಸಿತು. ಅವಳು ನಕ್ಕಳು. ನಗುತ್ತಲೇ ಅಳು ಬಂತು, ಬೆಳಿಗ್ಗೆಯಿಂದ ಬಾರದೆ ಎದೆಯಲ್ಲೇ ಸಿಕ್ಕಿಕೊಂಡಿದ್ದ ಅಳು. ಅಷ್ಟು ದುಃಖದಲ್ಲೂ ಅವಳಿಗೆ ಹೆಮ್ಮೆಯೆನಿಸಿತು, ಸಿಟ್ಟೂ ಬಂತು. ಮೈದುನ ಓಡಿಬಂದು ಕೊಳವೆಯನ್ನು ಎತ್ತಿ ಹಿಡಿದುಕೊಂಡ.

ತಿರುವಿನಲ್ಲಿ ಹಾರನ್ ಕೇಳಿಸಿತು.

"ಬಂದ್ರು!" ಎಂದು ಯಾರೋ ಕೂಗಿದರು.

ಅವಳು ಕಣ್ಣೊರೆಸಿಕೊಂಡಳು. "ಬಿಸಿನೀರು ತನ್ನಿ, ಚಾಕು ತನ್ನಿ, ಬಕೆಟ್ ಎಲ್ಲಿ?"

ಅಂಗಡಿಯವನು ಮುರಿದ ವಾಲ್ವಿದ್ದ ತುದಿಯನ್ನು ಕೊಯ್ದು, ಕೊಳವೆಯನ್ನು ಬಿಸಿನೀರಿಗೆ ಅದ್ದಿದ. ಅವಳು ಹೊಸ ವಾಲ್ವಿನ ಹಿಡಿಯನ್ನು ಎಳೆದು ಕಿತ್ತಳು.

"ಅತ್ತಿಗೆ, ಈಗಲಾದ್ರೂ ಸರಿಯಾಗೇ ಇರ್ಲಿ ಬಿಡಿ."

"ಸುಮ್ನಿರಿ ನೀವು," ಎಂದ ಅವಳು ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿ ಕೂರಿಸಿದಳು. ಉದ್ದಕ್ಕೆ ತಿರುಗಿಸಿ ಮುಚ್ಚಿದಳು. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ವಾಲ್ವನ್ನು ಮುಳುಗಿಸಿ, ಕೆನ್ನೆ ಬೂರಿಸಿ ಊದಿದಳು. ದುಃಖಕ್ಕೆಂದು ಬಂದವರೆಲ್ಲ ಬಕೆಟ್ಟಿನೊಳಗೆ ಇಣುಕಿದರು.

"ಇಲ್ಲ!" ಎಂದ ಮೈದುನ, ಸಾವಿನ ಮನೆ ಎಂಬುದನ್ನೂ ಮರೆತು. "ಒಂದೂ ಇಲ್ಲ ಅತ್ತಿಗೆ!"

ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ವಾಲ್ವನ್ನು ಕೊಳವೆಗೆ ತುರುಕಿದರು, ಬಳೆಗಳನ್ನು ಬಿಗಿದರು, ಯಾರೋ ಪ್ಲಗ್ ಚುಚ್ಚಿದರು. ಅವಳ ಬೆರಳುಗಳು ನೋಡದೆಯೇ ಹಿಡಿಗಳನ್ನು ಒಂದೊಂದಾಗಿ ತಿರುಗಿಸಿದವು.

ಮಗಳೂ ಮತ್ತೆ ಮೂವರೂ ಡ್ರೈವರನನ್ನು ಹೊತ್ತು ಒಳಗೆ ಬರುವಾಗ ಎಲ್ಲ ಹಿಡಿಗಳೂ ಕೊಳವೆಗೆ ಅಡ್ಡಲಾಗಿ ನಿಂತಿದ್ದವು. ಟ್ಯಾಂಕಿನೊಳಗೆ ಮುದಿ ಮೀನು ಧುಮುಕುವ ನೀರಿಗೆ ಮುಖ ಕೊಟ್ಟು ಬಾಲ ಆಡಿಸುತ್ತಿತ್ತು.