ಪರದೆಯಾಚೆಯ ಕೈ

ಅಕ್ಕನ ಮಣಿಕಟ್ಟಿನ ಮೇಲೆ ಒತ್ತಿ ಕೂತಿದ್ದ ಆ ಮೂರು ಬೆರಳುಗಳನ್ನು ನಾನಿನ್ನೂ ಮರೆತಿಲ್ಲ. ನಿಶ್ಚಿತಾರ್ಥಕ್ಕೆ ಬಂದ ಗಂಡಿನ ಕಡೆಯವರು ಜೊತೆಗೆ ಕರೆತಂದಿದ್ದ ನಾಡಿಪಂಡಿತ ಶಿತಿಕಂಠಯ್ಯ ಕಣ್ಣು ಮುಚ್ಚಿ, "ಈ ಹುಡುಗಿಗೆ ಸಂತಾನವಿಲ್ಲ" ಎಂದುಬಿಟ್ಟರು. ಬಂದವರು ಊಟಕ್ಕೂ ನಿಲ್ಲದೆ ಹೊರಟುಹೋದರು.

ಅಮ್ಮ ಅತ್ತಳು. ಅಕ್ಕ ಮಂದಾಕಿನಿ ಅಳಲಿಲ್ಲ. ಪಂಡಿತರ ಮನೆಗೆ ಹೋಗಿ, ಅಲ್ಲಿ ಕೂತಿದ್ದವರ ಎದುರಿಗೇ ಕೇಳಿದಳು: "ಮುಖ ನೋಡದೆ, ಪರದೆಯಾಚೆಯ ಕೈ ಹಿಡಿದು ಹೇಳ್ತೀರಾ?" ಆಗದೆಂದರೆ ಮಾನ ಹೋಗುತ್ತದೆ. ಅವರು ಒಪ್ಪಿದರು.

ಛತ್ರದಲ್ಲಿ ಊರೇ ನೆರೆಯಿತು. ಗುರುತು ಸಿಗದಿರಲೆಂದು ಬಳೆ ಕಳಚಿಟ್ಟ ಹೆಂಗಸರು ಒಬ್ಬೊಬ್ಬರಾಗಿ ಪರದೆಯ ಸಂದಿಯಿಂದ ಕೈ ಚಾಚಿದರು. ಮತ್ತೆ ಅದೇ ಮೂರು ಬೆರಳುಗಳು. ಮನೆ ತುಂಬ ಮಕ್ಕಳಿದ್ದ ಕುಸುಮಾವತಿಯನ್ನು ಪಂಡಿತರು ಬಂಜೆ ಎಂದರು. ನಕ್ಕವರನ್ನು ದುರುಗುಟ್ಟಿ ನೋಡಿ, "ಪರದೆ ನೆರಳಿಗೆ ನಾಡಿ ಮಂಕಾಗುತ್ತೆ" ಎಂದರು. ಮುಂದಿನ ಇಬ್ಬರಿಗೆ ಮಕ್ಕಳಿದ್ದಾರೆ ಎಂದದ್ದು ಸರಿಹೋದಾಗ ಜನ ಚಪ್ಪಾಳೆ ತಟ್ಟಿದರು.

ಕೊನೆಯ ಕೈ ಹಿಡಿದು, "ಈಕೆಗೆ ಗಂಡುಮಕ್ಕಳ ಯೋಗ" ಎಂದರು.

ಪರದೆ ಸರಿಸಿಕೊಂಡು ಅಕ್ಕ ಹೊರಬಂದಳು. "ಅವತ್ತು ಬಂಜೆ ಅಂದಿರಲ್ಲ, ಅದೇ ಕೈ ಇದು."

"ನಾಡಿ ಹರಿಯೋ ನೀರಮ್ಮ. ಅವತ್ತಿಂದೂ ನಿಜ, ಇವತ್ತಿಂದೂ ನಿಜ."

"ಏನಾದರೆ ನಿಮ್ಮ ಮಾತು ಸುಳ್ಳು ಅಂತ ಒಪ್ಕೋತೀರಿ?"

"ನಾಡಿ ಸುಳ್ಳಾಗೋದೇ ಇಲ್ಲ."

"ಹಾಗಾದರೆ ನೀವು ಏನನ್ನೂ ಹೇಳಲೇ ಇಲ್ಲ. ನಾಳೆ ಮಳೆ ಬರಬಹುದು, ಬರದೇನೂ ಇರಬಹುದು ಅಂದಷ್ಟೇ ಆಯ್ತು."

"ಇಬ್ಬರದು ಸರಿಯಾಗಿ ಹೇಳಲಿಲ್ವೇನೇ?" ಎಂದು ಯಾರೋ ಕೂಗಿದರು.

"ಮದುವೆಯಾದವರಲ್ಲಿ ಮಕ್ಕಳಿರೋರೇ ಹೆಚ್ಚು. ಎಲ್ಲರಿಗೂ 'ಇದೆ' ಅಂತ ಹೇಳ್ತಾ ಹೋದರೆ ನನ್ನ ಮಾತೂ ನಿಜವಾಗುತ್ತೆ!"

ಜನ ಎದ್ದು ನಿಂತರು. "ಹೆಣ್ಣಿಗೆ ಇಷ್ಟು ನಾಲಗೆಯಾ!" ಎಲ್ಲಿಂದಲೋ ಬಂದ ಚಪ್ಪಲಿ ಅಕ್ಕನ ಭುಜಕ್ಕೆ ಬಡಿಯಿತು. ಅವಳು ತಲೆ ತಗ್ಗಿಸದೆ ಆ ಗುಂಪಿನ ನಡುವೆಯೇ ನಡೆದು ಮನೆಗೆ ಬಂದಳು.

ಮರುದಿನ ಗಂಡಿನ ಕಡೆಯವರು ಹೂವು, ವೀಳ್ಯದ ತಟ್ಟೆ ಹಿಡಿದು ಮತ್ತೆ ಬಂದರು. "ಪಂಡಿತರೇ ಗಂಡುಮಕ್ಕಳು ಅಂದಮೇಲೆ ಇನ್ನೇನು ಅಡ್ಡಿ?" ಅಮ್ಮನ ಮುಖ ಅರಳಿತು.

ಅಕ್ಕ ಹೊಸ್ತಿಲಲ್ಲೇ ಅಡ್ಡ ನಿಂತಳು. "ಬಂಜೆ ಅಂದದ್ದನ್ನು ನಾನು ನಂಬಲಿಲ್ಲ. ಇದು ನನಗೆ ಅನುಕೂಲ ಅಂತ ಇದನ್ನ ನಂಬಲಾ? ನಿಮಗೆ ಅಷ್ಟು ನಂಬಿಕೆ ಇದ್ದರೆ ಆ ಪಂಡಿತರನ್ನೇ ಮನೆ ತುಂಬಿಸ್ಕೊಳ್ಳಿ."

ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿ ಅವರು ಹೊರಟರು. ಅಮ್ಮ ಅಂದಿನಿಂದ ಅಕ್ಕನೊಡನೆ ಮಾತು ಬಿಟ್ಟಳು. ಆ ಸಂಜೆ ಬೀದಿಯ ಮೇಕೆಯೊಂದು ಜಗಲಿ ಹತ್ತಿ, ವೀಳ್ಯದೆಲೆಗಳನ್ನು ನಿಧಾನವಾಗಿ ಒಂದೊಂದೇ ಮೆಲ್ಲತೊಡಗಿತು. ಮನೆಯೊಳಗಿದ್ದ ನಾವ್ಯಾರೂ ಅದನ್ನು ಓಡಿಸಲಿಲ್ಲ.